ಅವ್ವ ಬಿಟ್ಟ ಸೂಜಿ

ನನ್ನ ಅವ್ವನಿಗೆ ಮೀಸೆ ಬಂದಿತ್ತು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಡುವುದರಲ್ಲೇ ನಮ್ಮ ಮನೆಯವರ ಅರ್ಧ ಜೀವ ಹೋಗಿತ್ತು, ಈ ವಯಸ್ಸಿನಲ್ಲಿ ಮತ್ತೆ ಮುಚ್ಚಿಡುವ ತಾಳ್ಮೆ ನನಗಿಲ್ಲ. ನಗುವವರು ಈಗಲೇ ನಕ್ಕು ಮುಗಿಸಲಿ. ಆಗ ನಕ್ಕವರ ಜೊತೆ ನಾನು ಹೇಗೆ ಕಾದಾಡಿದೆ ಎಂಬುದು ನರಗುಂದದ ನಮ್ಮ ಓಣಿಯ ಹಳಬರಿಗೆ ಗೊತ್ತು.

ಐವತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕಡೆಯ ಊರುಗಳೆಲ್ಲ ಇನ್ನೂ ಮುಂಬೈ ಸರಕಾರದಲ್ಲಿದ್ದವು. ನಮ್ಮ ಮನೆ ಗುಡ್ಡದ ಬುಡದಲ್ಲಿತ್ತು. ಅಪ್ಪ ಒಂದು ಅಡತಿ ಅಂಗಡಿಯಲ್ಲಿ ಕಾಳು ತೂಗುವ ಕೆಲಸಕ್ಕಿದ್ದ. ಬೆಳಿಗ್ಗೆ ಹೋದರೆ ಸಂಜೆ ಹುಬ್ಬಿನ ತುಂಬ ಜೋಳದ ದೂಳು ಮೆತ್ತಿಕೊಂಡು ಬರುತ್ತಿದ್ದ. ಮಾತು ಬಲು ಕಡಿಮೆ. ಕೇಳಿದ್ದಕ್ಕೆ ‘ಹೂಂ’, ಕೇಳದಿದ್ದರೆ ಅದೂ ಇಲ್ಲ. ಮನೆಯ ಮಾತೆಲ್ಲ ಅವ್ವನ ಪಾಲಿಗೆ ಬಂದಿತ್ತು. ನನ್ನ ಹಿಂದೆ ಮುಂದೆ ಹುಟ್ಟಿದವು ಉಳಿಯಲಿಲ್ಲ, ಉಳಿದವಳು ನಾನೊಬ್ಬಳೇ. ಹಾಗಾಗಿ ಬೈಗುಳವೂ ಮುದ್ದೂ ಎರಡೂ ನನಗೇ ಸಿಗುತ್ತಿದ್ದವು.

ಅವ್ವನ ತವರು ರಾಜೂರು, ಗಜೇಂದ್ರಗಡದ ಮಗ್ಗುಲ ಹಳ್ಳಿ. ಬೀಸುವಾಗ, ಕುಟ್ಟುವಾಗ, ಹತ್ತಿ ಬಿಡಿಸುವಾಗ ಅಲ್ಲಿಯ ಹೆಂಗಸರು ಹಾಡುತ್ತಿದ್ದ ಪದಗಳೆಲ್ಲ ಅವಳ ಬಾಯಲ್ಲಿದ್ದವು. ಹೇಳಿಕೊಳ್ಳುವಂಥ ಬಂಗಾರ ಅವಳ ಮೈಮೇಲೆ ಇರಲಿಲ್ಲ, ಆದರೆ ದನಿ ಇತ್ತು. ತೆಳುವಾದ, ಮೇಲಕ್ಕೆ ಹೋದಷ್ಟೂ ಒಡೆಯದ ದನಿ. ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆ ಇದ್ದರೂ, ತೊಟ್ಟಿಲಿದ್ದರೂ ಅವ್ವನಿಗೆ ಕರೆ ಬರಲೇಬೇಕು. ಅವಳು ಬರುವ ತನಕ ಉಳಿದವರು ಎಲೆ ಅಡಿಕೆ ಮೆಲ್ಲುತ್ತ ಕೂರುತ್ತಿದ್ದರು. ಅವಳಿಗೂ ಅದರ ಸೊಕ್ಕು ಸ್ವಲ್ಪ ಇತ್ತು. ಇರಲಿ ಬಿಡಿ, ಇದ್ದದ್ದು ಅದೊಂದೇ ಆಸ್ತಿ.

ಇಲ್ಲಿ ನಮ್ಮ ಓಣಿಯ ಒಂದು ರೂಢಿ ಹೇಳಬೇಕು. ಮದುವೆಯ ಅರಿಷಿಣ ಹಚ್ಚುವ ದಿನ ಮೊದಲ ಪದವನ್ನು ಮದುಮಗಳ ಹಡೆದವ್ವನೇ ಎತ್ತಬೇಕು. ಮಗಳ ಗಲ್ಲಕ್ಕೆ ಅರಿಷಿಣ ಸೋಕಿಸಿ ಅವಳು ಒಂದು ಸೊಲ್ಲು ಹಾಡಿದ ಮೇಲೆಯೇ ಉಳಿದ ಹೆಂಗಸರು ದನಿಗೂಡಿಸುವುದು. ಬೇರೆಯವರು ಎತ್ತಿದರೆ ಆ ಹುಡುಗಿಗೆ ತಾಯಿ ಇಲ್ಲ ಎಂದೇ ಅರ್ಥ. ತಾಯಿ ಸತ್ತ ಹುಡುಗಿಯರ ಮದುವೆಯಲ್ಲಿ ಅವ್ವನೇ ಎಷ್ಟೋ ಸಲ ಎತ್ತಿದ್ದಳು, ಎತ್ತಿ ಮನೆಗೆ ಬಂದು ಅತ್ತಿದ್ದಳು. “ಪಾಪ, ಆ ಕೂಸಿಗೆ ನಾ ಎತ್ತಬೇಕಾತಲ್ಲ” ಅನ್ನುತ್ತಿದ್ದಳು. ನನ್ನ ಮದುವೆಗೆ ಯಾವ ಪದ ಎಂಬುದನ್ನು ನಾನು ಲಂಗ ಉಡುವಾಗಲೇ ಗೊತ್ತು ಮಾಡಿಟ್ಟಿದ್ದಳು.

ಗಂಟು ಮೊದಲು ಕಂಡಾಗ ಬೀಸುವ ಕಲ್ಲಿನ ಗೂಟ ಬಡಿದಿರಬೇಕು ಅಂದುಕೊಂಡಳು. ಎಡಗಡೆಯ ಎದೆಯಲ್ಲಿ, ಕಂಕುಳಿನ ಹತ್ತಿರ. ಅರಿಷಿಣ ಸುಣ್ಣ ಹಚ್ಚಿದಳು, ಎಲೆ ಬಿಸಿ ಮಾಡಿ ಕಟ್ಟಿದಳು. ಯಾರಿಗೆ ತೋರಿಸಬೇಕು? ತೋರಿಸುವಂಥ ಜಾಗವೇ ಅದು? ಕೊನೆಗೆ ಅದು ನಿಂಬೆಹಣ್ಣಿನಷ್ಟಾಗಿ, ಚರ್ಮ ಒಳಗೆ ಎಳೆದುಕೊಂಡಾಗ ಪಕ್ಕದ ಮನೆಯ ಚಾಚಿಗೆ ತೋರಿಸಿದಳು. ಚಾಚಿ ಎಂದರೆ ದರ್ಜಿಯ ಹೆಂಡತಿ, ಅವ್ವನ ಜೀವದ ಗೆಳತಿ. ನೋಡಿದವಳೇ ಸೀದಾ ನಮ್ಮ ಅಪ್ಪನ ಅಂಗಡಿಯ ಮುಂದೆ ಹೋಗಿ ನಿಂತಳಂತೆ. “ಅಣ್ಣಾ, ತಕ್ಕಡಿ ಕೆಳಗ ಇಡ್ರಿ, ಅಕ್ಕನ್ನ ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ. ಇವತ್ತ ಹೋಗ್ರಿ.”

ಹುಬ್ಬಳ್ಳಿಯ ದವಾಖಾನೆಯಲ್ಲಿ ಎದೆ ತೆಗೆದರು. ಅವ್ವ ಎರಡೂ ಕೈ ಒಂದೇ ಎತ್ತರಕ್ಕೆ ಎತ್ತಲಾಗದೆ ಮನೆಗೆ ಬಂದಳು. ಚಾಚಿ ಕುಪ್ಪಸದ ಒಂದು ಬದಿಗೆ ಹತ್ತಿ ತುಂಬಿ ಹೊಲಿದುಕೊಟ್ಟಳು. ಅದನ್ನು ತೊಟ್ಟು ಅವ್ವ ನನ್ನ ಮುಂದೆ ನಿಂತು, “ನೋಡಿದೇನ, ಇದ ಖರೇದ್ದಕ್ಕಿಂತ ಚಲೋ ಐತಿ” ಎಂದು ನಕ್ಕಳು. ನಾನು ನಗಲಿಲ್ಲ. ನನಗೆ ಆಗ ಹದಿನಾರು ಇರಬೇಕು, ನಗುವುದು ಹೇಗೆ ಎಂದೇ ತಿಳಿಯಲಿಲ್ಲ.

ಮರುವರ್ಷ ನಡು ನೋವು ಸುರುವಾಯಿತು. ನಡುವಿನಿಂದ ತೊಡೆಗೆ ಇಳಿಯಿತು. ಬೀಸುವ ಕಲ್ಲಿನ ಮುಂದೆ ಕೂತರೆ ಏಳಲಾಗುತ್ತಿರಲಿಲ್ಲ, ಬಚ್ಚಲಿಗೆ ಹೋಗಬೇಕಾದರೆ ನಾನು ತೋಳು ಹಿಡಿಯಬೇಕಾಗಿತ್ತು. ಹುಬ್ಬಳ್ಳಿಗೆ ಮತ್ತೆ ಕರೆದುಕೊಂಡು ಹೋದೆವು. ಅಲ್ಲಿ ಫೋಟೋ ತೆಗೆದು ನೋಡಿ, ರೋಗ ಎಲುಬಿಗೆ ಹಬ್ಬಿದೆ, ಇನ್ನು ಕೊಯ್ಯುವಂಥದ್ದು ಏನೂ ಇಲ್ಲ, ಒಂದು ಸೂಜಿ ಇದೆ, ಅದನ್ನು ನಿಮ್ಮ ಊರಲ್ಲೇ ಮಾಡಿಸಿಕೊಳ್ಳಿ ಅಂದರು. ಆ ಸೂಜಿಯ ಅರ್ಥ ನಮಗೆ ಬಿಡಿಸಿ ಹೇಳಿದವರು ನರಗುಂದದ ನಮ್ಮ ಡಾಕ್ಟರರು. ವಯಸ್ಸಾದವರು, ನಶ್ಯ ಏರಿಸುತ್ತ ಮಾತಾಡುವವರು.

“ನೋಡ್ರಿ” ಅಂದರು ಅಪ್ಪನಿಗೆ, “ಹೆಣ್ಣುಮಕ್ಕಳ ಮೈಯಾಗ ಒಂದು ರಸ ತಯಾರಾಗ್ತದ. ಆ ರಸದಿಂದ ಎದಿ ಬೆಳೀತದ, ತಿಂಗಳಾ ತಿಂಗಳಾ ಮುಟ್ಟು ಆಗ್ತದ. ಹಾಳಾದ್ದು, ಈ ರೋಗಕ್ಕೂ ಅದೇ ರಸ ಗೊಬ್ಬರ ಆಗೇದ. ಈ ಸೂಜಿಯೊಳಗ ಗಂಡಸರ ಮೈಯಾಗಿನ ರಸ ಅದ. ಅದನ್ನ ಕೊಟ್ಟು ಇದನ್ನ ತಡೀತೀವಿ. ಗೊಬ್ಬರ ಸಿಗಲಿಲ್ಲಂದ್ರ ರೋಗ ಹಬ್ಬೂದು ನಿಲ್ತದ. ಪೂರಾ ಹೋಗ್ತದಂತ ನಾ ಹೇಳೂದಿಲ್ಲ. ಎಷ್ಟು ದಿವಸ ನಿಲ್ತದೋ ಅಷ್ಟು ದಿವಸ ನಮ್ಮವು.” ಆಮೇಲೆ ಅವ್ವನ ಕಡೆ ತಿರುಗಿ, “ಮಾರಿಮ್ಯಾಲೆ ನಾಕು ಕೂದಲಾ ಬರಬಹುದು ತಂಗೀ, ದನಿ ಸ್ವಲ್ಪ ದಪ್ಪ ಆಗಬಹುದು. ಅಂಜಬ್ಯಾಡ. ಸೂಜಿ ಮಾತ್ರ ಬಿಡಬ್ಯಾಡ” ಅಂದರು. ಅವ್ವ ತಲೆ ಆಡಿಸಿದಳು. ನೋವಿನಲ್ಲಿ ಆಗ ಅವಳು ಯಾವುದಕ್ಕೆ ಬೇಕಾದರೂ ತಲೆ ಆಡಿಸುತ್ತಿದ್ದಳು.

ಈಗ ಇದಕ್ಕೆಲ್ಲ ಗುಳಿಗೆ ಬಂದಿವೆ. ನಮ್ಮ ನೆಂಟರ ಪೈಕಿ ಒಬ್ಬಳು ಅದೇ ರೋಗಕ್ಕೆ ದಿನಕ್ಕೊಂದು ಗುಳಿಗೆ ನುಂಗುತ್ತಾಳೆ. ಆ ರಸಕ್ಕೆ ಹಾರ್ಮೋನು ಅನ್ನುತ್ತಾರೆ. ಗುಳಿಗೆ ಹೋಗಿ ಹಾರ್ಮೋನಿನ ದಾರಿಗೆ ಅಡ್ಡ ಕೂರುತ್ತದಂತೆ, ರೋಗ ಹಬ್ಬುವುದು ಕಡಿಮೆಯಾಗುತ್ತದಂತೆ. ಅವಳಿಗೆ ಮೀಸೆ ಬಂದಿಲ್ಲ, ಗಂಟಲೂ ಒಡೆದಿಲ್ಲ. ಆಗಾಗ ಮೈ ಬಿಸಿಯಾಗಿ ಬೆವರು ಕಿತ್ತುಕೊಂಡು ಬರುತ್ತದೆ ಎಂದು ಗೊಣಗುತ್ತಾಳೆ. ಅವಳು ಗೊಣಗುವಾಗ ನನಗೆ ರಪ್ಪನೆ ಸಿಟ್ಟು ಬರುತ್ತದೆ, ಎದ್ದು ಒಳಗೆ ಹೋಗುತ್ತೇನೆ. ಅವಳ ತಪ್ಪೇನೂ ಇಲ್ಲ ಪಾಪ.

ಸೂಜಿ ಹಿಡಿಯಿತು. ಹಿಡಿಯಿತು ಅಂದರೆ ಹೇಗೆ! ಮೊದಲ ಕೆಲವು ವಾರ ಏನೂ ಕಾಣಲಿಲ್ಲ. ಆಮೇಲೆ ಒಂದು ದಿನ ಅವ್ವ ಗೋಡೆ ಹಿಡಿಯದೆ ಎದ್ದಳು. ಇನ್ನೊಂದು ದಿನ ಹಿತ್ತಲಿಗೆ ತಾನೇ ಹೋಗಿ ಬಂದಳು. ಒಂದು ಬೆಳಿಗ್ಗೆ ಕಲ್ಲಿನ ಸದ್ದು ಕೇಳಿ ನಾನು ಎದ್ದು ನೋಡಿದರೆ, ಕಾಲು ಚಾಚಿ ಕೂತು ಬೀಸುತ್ತಿದ್ದಾಳೆ. ಅಪ್ಪ ಹಲ್ಲುಜ್ಜುತ್ತಿದ್ದವನು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟಿದ್ದ. “ಏನ ನೋಡತೀರಿ, ರೊಟ್ಟಿ ಬ್ಯಾಡೇನು?” ಅಂದಳು ಅವ್ವ. ಅಪ್ಪ ಆ ದಿನ ಅಂಗಡಿಗೆ ಹೋಗುವಾಗ ಬಾಗಿಲಿಗೆ ಹಣೆ ಬಡಿಸಿಕೊಂಡ, ಕಣ್ಣು ಕಾಣುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ಸಂತೋಷದ ದಿನ ಆಮೇಲೆ ಬರಲಿಲ್ಲ.

ತಿಂಗಳ ಮುಟ್ಟೂ ನಿಂತಿತು. ಅದನ್ನು ಅವ್ವ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, “ಪೀಡೆ ಹೋತು” ಅಂದಳು. ಆಮೇಲೆ ಗಲ್ಲದ ಮೇಲೆ ಗುಳ್ಳೆಗಳೆದ್ದವು, ಮೇಲ್ದುಟಿಯ ಮೇಲೆ ಕರಿ ನೆರಳು ಮೂಡಿತು. ಚಾಚಿ ಹೊಲಿಗೆಯ ದಾರವನ್ನು ಹಲ್ಲಿನಲ್ಲಿ ಕಚ್ಚಿ, ಬೆರಳಿಗೆ ಸುತ್ತಿ ಒಂದೊಂದೇ ಕೂದಲು ಕೀಳುತ್ತಿದ್ದಳು. ಅವ್ವ ಕಣ್ಣಲ್ಲಿ ನೀರು ಹಾಕಿಕೊಂಡು, “ನಿಮ್ಮಣ್ಣಗ ಇಷ್ಟ ಚಂದ ಮೀಸಿ ಬರಲಿಲ್ಲ ನೋಡ, ನನಗ ಬಂತು” ಅನ್ನುವಳು. ಚಾಚಿ, “ಬಾಯಿ ಮುಚ್ರಿ ಅಕ್ಕಾ, ದಾರ ಹರೀತದ” ಎಂದು ಗದರುವಳು. ಮೀಸೆಯ ತನಕ ಅವ್ವ ನಕ್ಕಳು, ಇಲ್ಲ ಅನ್ನುವುದಿಲ್ಲ.

ದನಿ ಹೋದಾಗ ನಗು ನಿಂತಿತು. ಮೊದಲು ನೆಗಡಿಯಾದಂತೆ ಕೇಳಿಸಿತು. ಮೇಲಿನ ಸ್ವರಕ್ಕೆ ಹೋದರೆ ಒಡೆಯುವುದು, ಕೆಮ್ಮಿ ಸರಿಮಾಡಿಕೊಂಡರೆ ಮತ್ತೆ ಒಡೆಯುವುದು. ಆಮೇಲೆ ಪೂರಾ ಕೆಳಗಿಳಿದುಹೋಯಿತು. ಒಂದು ದಿನ ಮೊಸರಿನವಳು ಹೊಸ್ತಿಲಲ್ಲಿ ನಿಂತು ಕೂಗಿದಾಗ ಅವ್ವ ಒಳಗಿನಿಂದ, “ನಿಂದರು, ಬಂದೆ” ಅಂದಳು. ಮೊಸರಿನವಳು ತಲೆಯ ಮೇಲೆ ಸೆರಗು ಎಳೆದುಕೊಂಡು, “ಮನ್ಯಾಗ ಬೀಗರು ಬಂದಾರೇನ್ರಿ?” ಎಂದು ನನ್ನನ್ನು ಕೇಳಿದಳು. ಅವ್ವ ಗಡಿಗೆ ಹಿಡಿದು ನಡುಮನೆಯಲ್ಲೇ ನಿಂತಳು, ಹೊರಗೆ ಬರಲಿಲ್ಲ.

ಅಂದಿನಿಂದ ಮಾತು ಬಿಟ್ಟಳು. ನನ್ನ ಜೊತೆ, ಚಾಚಿಯ ಜೊತೆ ಪಿಸುಗುಟ್ಟುತ್ತಿದ್ದಳು. ಅಪ್ಪ ಮನೆಯಲ್ಲಿದ್ದರೆ ಅದೂ ಇಲ್ಲ, ಕೈಸನ್ನೆ. ಅಪ್ಪನಂತೂ ಮೊದಲೇ ಮೌನಿ. ಆ ಮನೆಯಲ್ಲಿ ನಾನೊಬ್ಬಳೇ ಬಡಬಡಿಸಬೇಕಾಗಿತ್ತು, ಬಡಬಡಿಸಿದೆ. ನೀರಿಗೆ ಹೋದಾಗ ಕೆರೆಯ ಮೆಟ್ಟಿಲ ಮೇಲೆ ಒಬ್ಬಳು, “ನಿಮ್ಮ ಮನ್ಯಾಗ ಈಗ ಇಬ್ಬರು ಗಂಡಸರಂತ, ಹೌದೇನ?” ಎಂದು ಕೇಳಿ ಉಳಿದವರ ಮುಖ ನೋಡಿದಳು. ತುಂಬಿದ ಕೊಡ ಅವಳ ತಲೆಯ ಮೇಲೆ ಹೊಯ್ದೆ. “ಮೂವರು ಅಂತ ತಿಳಕೋ, ನನ್ನೂ ಕೂಡಿಸಿ!” ಎಂದೆ. ಮತ್ತೆ ಕೊಡ ತುಂಬಿಕೊಂಡು ಬಂದೆ. ಮದುವೆ ಮನೆಯವರು ಅವ್ವನನ್ನು ಊಟಕ್ಕೆ ಕರೆದರು, ಪದಕ್ಕೆ ಕರೆಯಲಿಲ್ಲ. ಅವಳು ಊಟಕ್ಕೂ ಹೋಗಲಿಲ್ಲ.

ಆ ಹೊತ್ತಿಗೆ ನನ್ನನ್ನು ನೋಡಲು ಗಜೇಂದ್ರಗಡದಿಂದ ಬಂದರು. ಮಗ್ಗದ ಮನೆ, ಸೀರೆ ನೇಯುವವರು. ಅವ್ವನಿಗೆ ತವರಿನ ಮಗ್ಗುಲು ಎಂದೇ ಆ ಸಂಬಂಧದ ಮೇಲೆ ಆಸೆ. ಸೆರಗನ್ನು ಮೂಗಿನ ತನಕ ಎಳೆದುಕೊಂಡು, ಒಲೆಯ ಮುಂದಿನಿಂದ ಏಳಲೇ ಇಲ್ಲ. ಹುಡುಗನ ತಾಯಿ ಸರಳ ಹೆಂಗಸು, ಅಡುಗೆಮನೆಗೇ ಬಂದು ಕೂತು, “ಯಾಕ್ರೀ ಬೀಗತಿ, ನಮ್ಮ ಕೂಡ ಮಾತ ಬ್ಯಾಡೇನ್ರಿ?” ಎಂದು ಕೇಳಿದಳು. ಅವ್ವ ತಲೆ ತಗ್ಗಿಸಿದಳು. ಅಲ್ಲೇ ಇದ್ದ ಚಾಚಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: “ಗಂಟಲ ಕುಂತೈತ್ರಿ. ಔಷಧದ ಕಾವಿಗೆ ಹಿಂಗಾಗೇತಿ. ಔಷಧ ಮುಗದ ಕೂಡಲೆ ಸರಿ ಆಕೈತ್ರಿ. ಮದಿವಿ ಹೊತ್ತಿಗೆ ನೋಡ್ರಿ, ಅಕ್ಕ ಎತ್ತಿದ ಪದ ನಿಮ್ಮ ಊರಿಗೆ ಕೇಳಸ್ತೈತಿ.”

ಚಾಚಿ ಮಾನ ಉಳಿಸಲು ಆಡಿದ ಮಾತು ಅದು. ಅವ್ವ ಅದನ್ನು ಸತ್ಯ ಎಂದು ಹಿಡಿದುಕೊಂಡಳು. ಹಿಡಿದುಕೊಳ್ಳಬೇಕು ಎಂದೇ ಕಾದಿದ್ದಳೋ ಏನೋ. ಅವಳ ಲೆಕ್ಕ ಸರಳವಾಗಿತ್ತು: ಉಪ್ಪಿನಕಾಯಿ ತಿಂದರೆ ಗಂಟಲು ಕೆಡುತ್ತದೆ, ಬಿಟ್ಟರೆ ಸರಿಯಾಗುತ್ತದೆ. ಕಾವಿನ ಔಷಧವೂ ಹಾಗೆಯೇ. ನೋವು ಹೇಗೂ ಹೋಗಿದೆ, ಮದುವೆಯ ತನಕ ಸೂಜಿ ಬಿಟ್ಟರೆ ದನಿ ತಿರುಗಿ ಬರುತ್ತದೆ, ಮಗಳಿಗೆ ಪದ ಎತ್ತಿ ಆಮೇಲೆ ಬೇಕಾದರೆ ಸಾಯುವ ತನಕ ಚುಚ್ಚಿಸಿಕೊಂಡರಾಯಿತು. ಡಾಕ್ಟರರನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದು ನೀವು ಅನ್ನುತ್ತೀರಿ. ಕೇಳಬೇಕಾದರೆ ಬಾಯಿ ತೆರೆಯಬೇಕಿತ್ತು. ಡಾಕ್ಟರರ ಕಟ್ಟೆಯ ಮೇಲೆ ಯಾವಾಗಲೂ ಜನ ಕೂತಿರುತ್ತಿದ್ದರು, ಆ ಜನರ ಮುಂದೆ ಆ ದನಿಯಲ್ಲಿ ಅವಳು ಒಂದು ಶಬ್ದ ಆಡುವವಳಲ್ಲ. ಸೂಜಿಗೆ ಹೋದಾಗಲೂ ಸುಮ್ಮನೆ ಬೆನ್ನು ಕೊಟ್ಟು, ಸುಮ್ಮನೆ ಎದ್ದು ಬರುತ್ತಿದ್ದಳು.

ಮದುವೆ ಮಾಘ ಮಾಸಕ್ಕೆ ಗೊತ್ತಾಯಿತು. ಅವ್ವ ಶ್ಯಾವಿಗೆ, ಸಂಡಿಗೆ, ಹಪ್ಪಳದ ನೆಪ ಮಾಡಿ ರಾಜೂರಿಗೆ ತಮ್ಮನ ಮನೆಗೆ ಹೊರಟಳು. ಸೂಜಿಯ ಔಷಧದ ಡಬ್ಬಿಯನ್ನು ಅಪ್ಪನೇ ಗಂಟಿನಲ್ಲಿ ಇಟ್ಟುಕೊಟ್ಟ. ಗಜೇಂದ್ರಗಡದ ಡಾಕ್ಟರ ಕಡೆ ಮಾಡಿಸಿಕೊಳ್ಳುವುದು ಎಂದು ಮಾತಾಗಿತ್ತು. ಅವಳು ಅಲ್ಲಿಗೆ ಒಮ್ಮೆಯೂ ಹೋಗಲಿಲ್ಲ. ಸೋದರಮಾವನ ಹೆಂಡತಿ ಕೇಳಿದರೆ, “ಡಾಕ್ಟರ್ರು ಸಾಕಂದಾರ” ಅಂದಳಂತೆ. ಜೇಷ್ಠಮಧು ಬಾಯಲ್ಲಿಟ್ಟುಕೊಂಡಳು, ತುಪ್ಪದಲ್ಲಿ ಮೆಣಸು ಕಾಯಿಸಿ ಕುಡಿದಳು. ಬೆಳಗಾಗುತ್ತಲೂ ಹೊಲಕ್ಕೆ ಹೋಗಿ, ಜೋಳದ ಬೆಳೆಯ ನಡುವೆ ನಿಂತು ಒಂದು ಸೊಲ್ಲು ಎತ್ತಿ ನೋಡುತ್ತಿದ್ದಳಂತೆ, ಬಂತೋ ಇಲ್ಲವೋ ಎಂದು. ಇದೆಲ್ಲ ಆ ಮಾವನ ಹೆಂಡತಿಯೇ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದಳು. ಹೇಳುವಾಗ ಅವಳೂ ಅತ್ತಳು, ನಾನೂ ಅತ್ತೆ. ಅಯ್ಯೋ ನನ್ನವ್ವಾ, ಜೋಳದ ತೆನೆಗಳ ಮುಂದೆ ಹಾಡಿಕೊಂಡು ನಿಂತಿದ್ದೆಯಲ್ಲ!

ರಾಜೂರಿನಿಂದ ತಿರುಗಿ ಬಂದವಳು ಸೊರಗಿದ್ದಳು. ಏಳುವಾಗ ಮೊಣಕಾಲಿಗೆ ಕೈ ಕೊಡುತ್ತಿದ್ದಳು. ಕೇಳಿದರೆ, “ಶ್ಯಾವಿಗಿ ಹೊಸೆದು ಹೊಸೆದು ನಡಾ ಹಿಡದೈತಿ” ಎಂದು ಪಿಸುಗುಟ್ಟಿದಳು. ಮದುವೆಯ ಗಡಿಬಿಡಿಯಲ್ಲಿ ಯಾರಿಗೂ ಅದು ಹೆಚ್ಚೆನಿಸಲಿಲ್ಲ. ಹಪ್ಪಳ ಮಾಡಿದ ಹೆಂಗಸರೆಲ್ಲ ನಡು ಹಿಡಿದುಕೊಂಡೇ ಓಡಾಡುತ್ತಿದ್ದರು.

ಅರಿಷಿಣದ ದಿನ ನನ್ನನ್ನು ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿದರು. ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು, ಗಜೇಂದ್ರಗಡದಿಂದ ಬೀಗತಿಯೂ ನಾಲ್ಕು ಮುತ್ತೈದೆಯರೂ ಬಂದಿದ್ದರು. ಅವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದು ನನ್ನ ಮುಂದೆ ಕೂತಳು. ಕೂರುವಾಗ ತುಟಿ ಕಚ್ಚಿದ್ದು ಹತ್ತಿರವಿದ್ದ ನನಗೆ ಮಾತ್ರ ಕಂಡಿತು. ಬಟ್ಟಲಲ್ಲಿ ಬೆರಳು ಅದ್ದಿ ನನ್ನ ಗಲ್ಲಕ್ಕೆ ಸೋಕಿಸಿದಳು. ಕಣ್ಣು ಮುಚ್ಚಿ, ಉಸಿರು ತೆಗೆದುಕೊಂಡು ಎತ್ತಿದಳು.

ಗಂಡಸಿನ ದನಿ ಬಂತು.

ಸುತ್ತ ಒಂದು ಬಳೆಯೂ ಸದ್ದು ಮಾಡಲಿಲ್ಲ. ಯಾವುದೋ ಕೂಸು ಕಿಸಕ್ಕನೆ ನಕ್ಕಿತು, ಅದರ ತಾಯಿ ಬಾಯಿ ಮುಚ್ಚಿದಳು. ಗಜೇಂದ್ರಗಡದ ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ತಿರುಗಿದಳು. ಅವ್ವ ಕಣ್ಣು ತೆರೆದು ನನ್ನನ್ನು ನೋಡಿದಳು. ಅವಳೇ ಬೆಚ್ಚಿದ್ದಳು. ಹೊಲದಲ್ಲಿ ದನಿ ಸ್ವಲ್ಪ ತಿರುಗಿ ಬಂದಂತೆ ಅನಿಸಿತ್ತಂತೆ, ಅದನ್ನೇ ನಂಬಿ ಬಂದಿದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು, ಒಂದು ಸೊಲ್ಲು ಆದರೆ ರೂಢಿ ಮುಗಿಯುತ್ತದೆ. ಅವ್ವ ನಿಲ್ಲಿಸಲಿಲ್ಲ. ಆ ಒಡಕು ದನಿಯಲ್ಲೇ, ಏರಬೇಕಾದಲ್ಲಿ ಏರಲಾಗದೆ, ಇಳಿದಿಳಿದು, ಇಡೀ ಪದವನ್ನು ಕೊನೆಯ ತನಕ ಹಾಡಿದಳು. ದನಿಗೂಡಿಸಬೇಕಾದವರು ಯಾರೂ ಬಾಯಿ ತೆರೆಯಲಿಲ್ಲ, ಆ ದನಿಗೆ ಯಾವ ದನಿ ಕೂಡಿಸುವುದು ಎಂದು ಅವರಿಗೂ ತಿಳಿಯದೆ ಹೋಯಿತು. ನನ್ನ ಮುಖದ ಅರಿಷಿಣವೆಲ್ಲ ಕಣ್ಣೀರಿಗೆ ತೊಳೆದುಹೋಗಿ ಚಾಚಿ ಮತ್ತೆ ಹಚ್ಚಬೇಕಾಯಿತು.

ಮದುವೆ ಆಯಿತು. ನನ್ನನ್ನು ಗಂಡನ ಮನೆಗೆ ಕಳಿಸುವ ದಿನ ಅವ್ವ ರೋಣದ ತನಕ ಬರುತ್ತೇನೆ ಎಂದು ಹಟ ಹಿಡಿದಳು. ರೋಣದಲ್ಲಿ ಬಸ್ಸು ಬದಲಿಸಬೇಕಾಗಿತ್ತು, ಅಲ್ಲಿಂದ ಅಪ್ಪನೂ ಅವಳೂ ತಿರುಗಿ ಹೋಗುವುದು ಎಂದಾಯಿತು. ರೋಣದಲ್ಲಿ ಎಲ್ಲರೂ ಇಳಿದರು. ಅವ್ವ ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಕಾಲಿಟ್ಟಳು, ಅಷ್ಟೇ. ಯಾರೂ ನೂಕಲಿಲ್ಲ, ಅವಳು ಎಡವಲೂ ಇಲ್ಲ. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು, ಅವ್ವ ಕುಸಿದಳು. ತೊಡೆಯ ಎಲುಬು ಮುರಿದಿತ್ತು.

ಬಾಸಿಂಗ ಬಿಚ್ಚಿ ಇನ್ನೂ ಒಂದು ದಿನ ಆಗಿರಲಿಲ್ಲ, ಆ ಬಸ್ಸಿನ ದೂಳಿನಲ್ಲಿ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಜನ ಸುತ್ತ ನೆರೆದರು. ಬೀಗತಿ ಅಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿದಳು. ಅವ್ವ ಅಷ್ಟು ಜನರ ನಡುವೆ, ಆ ದನಿಯಲ್ಲಿ, ಗಟ್ಟಿಯಾಗಿಯೇ ಅಂದಳು, “ಬೀಗ್ತೀ, ಲಗೂ ಕರಕೊಂಡ ಹೋಗ್ರಿ ಈಕೀನ್ನ. ಬಸ್ಸು ಹೊಕ್ಕೈತಿ.” ಬೀಗತಿ, “ಹೋದರ ಹೋಗ್ಲಿ ಬಿಡ್ರಿ, ನಾಳಿ ಮತ್ತ ಬರತೈತಿ. ಮಗಳು ನಿಮ್ಮ ಕೂಡ ಇರಲಿ” ಅಂದಳು. ಈ ಒಂದು ಮಾತಿಗೆ ನಾನು ಅತ್ತೆಯ ಮನೆಯಲ್ಲಿ ಎಷ್ಟೋ ಸಂಗತಿಗಳನ್ನು ನುಂಗಿಕೊಂಡಿದ್ದೇನೆ.

ಕಾಳಿನ ಲಾರಿಯೊಂದರಲ್ಲಿ ಅವ್ವನನ್ನು ನರಗುಂದಕ್ಕೆ ತಂದೆವು. ಡಾಕ್ಟರರು ಮನೆಗೆ ಬಂದರು. ಕಾಲು ಮುಟ್ಟಿ ನೋಡಿ, ಕಟ್ಟಿ, ಅಪ್ಪನನ್ನು ಕೇಳಿದರು, “ಕಡೀ ಸೂಜಿ ಯಾವಾಗ ಆಗೇದ?” ಅಪ್ಪ ಅವ್ವನ ಮುಖ ನೋಡಿದ. ಅವ್ವ ಮಾಳಿಗೆ ನೋಡುತ್ತ ಹೇಳಿದಳು, “ರಾಜೂರಿಗೆ ಹೋದಾಗಿಂದ ಇಲ್ರಿ. ನಾನ ಬಿಟ್ಟೆ. ಡಬ್ಬಿ ಹಂಗ ಐತಿ.” ಅಪ್ಪ ಗೋಡೆಗೆ ಆನಿಕೊಂಡು ಕೂತುಬಿಟ್ಟ. ಡಾಕ್ಟರರು ನಶ್ಯದ ಡಬ್ಬಿ ತೆಗೆದವರು ಏರಿಸದೆ ಮತ್ತೆ ಕಿಸೆಯಲ್ಲಿ ಇಟ್ಟುಕೊಂಡರು. “ಯಾಕವಾ ತಂಗೀ?”

“ಮಗಳ ಮದಿವಿ ಇತ್ತಲ್ರಿ. ಪದ ಎತ್ತಬೇಕಿತ್ತು.” ಆಮೇಲೆ ಕೇಳಿದಳು, “ಇಷ್ಟ ದಿನ ಬಿಟ್ಟೀನಿ. ಇನ್ನೂ ಯಾಕ ಬರಲಿಲ್ರಿ ದನಿ? ಯಾವಾಗ ಬರತೈತಿ?”

ಡಾಕ್ಟರರು ಬಹಳ ಮೆಲ್ಲಗೆ ಹೇಳಿದರು. ಆ ಮೆಲುದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. “ಬರೂದಿಲ್ಲವಾ. ಕೂದಲಾ ಒಂದಷ್ಟು ಉದುರಬಹುದು. ಗಂಟಲ ಒಮ್ಮೆ ಒಡೀತಂದ್ರ ಅದು ಹಂಗ ಉಳೀತದ. ಸೂಜಿ ಬಿಟ್ಟರೂ ಅಷ್ಟ, ಹಿಡದ್ರೂ ಅಷ್ಟ. ಕೇಳಿದ್ರ ಹೇಳ್ತಿದ್ನಲ್ಲಾ.”

ಅವ್ವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ನಾನು ಒರೆಸಿದೆ.

ಸೂಜಿ ಮತ್ತೆ ಸುರು ಮಾಡಿದರು. ಈ ಸಲ ಹಿಡಿಯಲಿಲ್ಲ. ಬಿಡದೇ ಇದ್ದಿದ್ದರೂ ಎಷ್ಟು ದಿವಸ ತಡೆಯುತ್ತಿತ್ತೋ ಹೇಳಲಾಗದು, ಕೆಲವರಿಗೆ ವರ್ಷಗಟ್ಟಲೆ ತಡೆಯುತ್ತದೆ, ಕೆಲವರಿಗೆ ಇಲ್ಲ ಎಂದು ಡಾಕ್ಟರರು ಅಂದರು. ನಮ್ಮ ಸಮಾಧಾನಕ್ಕೆ ಅಂದರೋ, ಖರೆಯೋ. ಅಷ್ಟು ದಿವಸ ನಮ್ಮವು ಎಂದು ಅವರೇ ಹೇಳಿದ್ದರಲ್ಲ, ಆ ದಿವಸಗಳನ್ನು ಅವ್ವ ಒಂದು ಪದಕ್ಕೆ ಕೊಟ್ಟಿದ್ದಳು. ಪದವೂ ಬರಲಿಲ್ಲ.

ಗಂಡನ ಮನೆಯವರು ನನ್ನನ್ನು ಅವ್ವನ ಹತ್ತಿರವೇ ಬಿಟ್ಟರು. ಆ ಹಾಸಿಗೆಯ ಮೇಲೆ ಅವ್ವ ಮತ್ತೆ ಮಾತಾಡಲು ತೊಡಗಿದಳು. ಹೊಸ್ತಿಲಿಗೆ ಬಂದವರನ್ನೆಲ್ಲ ಗಟ್ಟಿಯಾಗಿ ಕರೆದು ಮಾತಾಡಿಸಿದಳು. “ಬರ್ರಿ, ಕುಂಡ್ರಿ, ಮೀಸಿ ನೋಡಾಕ ಬಂದೀರಿ ಹೌದಲ್ಲೋ? ಹತ್ತಿರ ಬರ್ರಿ, ಚಲೋ ಕಾಣಸ್ತೈತಿ” ಅನ್ನುವಳು. ಕೆರೆಯಲ್ಲಿ ನನ್ನಿಂದ ನೀರು ಹೊಯ್ಯಿಸಿಕೊಂಡವಳೂ ಬಂದು ಅತ್ತು ಹೋದಳು. ಬರಬರುತ್ತ ನೋವು ಬೆನ್ನಿಗೆ, ಪಕ್ಕೆಲುಬಿಗೆ ಏರಿತು. ಮಗ್ಗುಲು ಬದಲಿಸಿದರೆ ಚೀರುತ್ತಿದ್ದಳು. ಡಾಕ್ಟರರು ಕೊಟ್ಟ ನಿದ್ದೆಯ ಔಷಧದಲ್ಲೇ ಇರುತ್ತಿದ್ದಳು. ಒಂದು ಮಧ್ಯಾಹ್ನ, ಓಣಿಯಲ್ಲಿ ಯಾರೋ ಕುಟ್ಟುವ ಸದ್ದು ಬರುತ್ತಿದ್ದಾಗ, ಉಸಿರು ನಿಂತಿತು. ಯುಗಾದಿ ಕಳೆದು ಬಹಳ ದಿನ ಆಗಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಜನ ಒಬ್ಬೊಬ್ಬರೇ ಎದ್ದು ಹೋದರು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ನಾನು ಹೊಸ್ತಿಲಲ್ಲಿ. ಅಪ್ಪ ತಾನಾಗಿ ಮಾತು ತೆಗೆದದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

“ಆಕೀ ದನಿ ನನಗೇನೂ ಕೆಟ್ಟ ಕೇಳಸ್ತಿರಲಿಲ್ಲವ್ವಾ” ಅಂದ. “ಕಲ್ಲಿನ ಮುಂದ ಕುಂತು ‘ರೊಟ್ಟಿ ಬ್ಯಾಡೇನು’ ಅಂದ್ಲು ನೋಡ ಅವತ್ತ, ಆಗಲೇ ಸ್ವಲ್ಪ ಒಡದಿತ್ತು. ನನಗ ಅದು ಭಾಳ ಚಲೋ ಕೇಳಸ್ತು. ಎದ್ದು ಕುಂತಾಳ, ಮಾತಾಡಾಕತ್ತಾಳ ಅಂತ. ಆ ದನೀಲೆ ದಿನಾ ಬೈದಿದ್ರೂ ನಾ ಕೇಳಕೋತ ಕುಂದರತಿದ್ದೆ. ಇದ್ದಿದ್ರ ಸಾಕಿತ್ತು ನನಗ.”

ನನಗೆ ಮೈಯೆಲ್ಲ ಬೆಂಕಿಯಾಯಿತು. ಸಾವಿನ ಮನೆ ಎಂಬುದನ್ನೂ ಮರೆತು ಚೀರಿದೆ, “ಇದನ್ನ ಆಕೀ ಮುಂದ ಯಾಕ ಅನ್ನಲಿಲ್ಲಪ್ಪಾ? ಒಂದ ಸಲ ಅಂದಿದ್ರ ಆಕಿ ಸೂಜಿ ಬಿಡತಿದ್ಲೇನು?”

ಅಪ್ಪ ನನ್ನ ಕಡೆ ನೋಡಿದ. ಅಷ್ಟು ಕಂಗಾಲಾದ ಮುಖವನ್ನು ನಾನು ಮತ್ತೆಲ್ಲೂ ಕಂಡಿಲ್ಲ. “ಆಕೀಗೆ ಗೊತ್ತಿರತೈತಿ ಅಂದಕೊಂಡಿದ್ನವ್ವಾ” ಅಂದ.